ಪೂಜೆಗಿಟ್ಟ ಸ್ಪ್ಯಾನರ್

ಈ ವಿಷಯ ಎತ್ತಿದಾಗಲೆಲ್ಲ ಯಾರಾದರೊಬ್ಬರು "ಹೋಗ್ಲಿ ಬಿಡಿ ಮೇಡಂ" ಎನ್ನುತ್ತಾರೆ. ನಾನು ಬಿಡುವುದಿಲ್ಲ. ಒಬ್ಬ ಅಜ್ಜಿಯ ಮುಂಗೈ ಮುರಿದಿದೆ. ಮುರಿದದ್ದು ನನ್ನಿಂದ ಎಂದು ಊರೆಲ್ಲ ಮಾತಾಡಿಕೊಂಡಿದೆ. ಮುರಿಯುವ ಹಾಗೆ ಮಾಡಿದವನು ಇವತ್ತಿಗೂ ಅದೇ ಕುರ್ಚಿಯಲ್ಲಿ ಕೂತು ನಮ್ಮ ಅಟೆಂಡೆನ್ಸ್ ನೋಡುತ್ತಾನೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾನು ವಿಮಾನದ ಎಂಜಿನ್ ಪಾಠ ಮಾಡುವವಳು. ದಾವಣಗೆರೆಯಿಂದ ಬಂದು ಬಾಗಲಗುಂಟೆಯ ಅಪಾರ್ಟ್‌ಮೆಂಟಿನಲ್ಲಿ ತಳವೂರಿ ಬಹಳ ವರ್ಷವಾಯಿತು. ವಿಮಾನ ಎಂದ ಕೂಡಲೇ ಜನ ದೇವನಹಳ್ಳಿಯ ಕಡೆ ಕೈ ತೋರಿಸುತ್ತಾರೆ. ನಮ್ಮ ಕಾಲೇಜು ಇರುವುದು ನಾಗಸಂದ್ರದ ಹಿಂದೆ, ಪೌಡರ್ ಕೋಟಿಂಗ್ ಶೆಡ್ಡಿಗೂ ಸ್ಪ್ರಿಂಗ್ ಸುತ್ತುವ ಫ್ಯಾಕ್ಟರಿಗೂ ಮಧ್ಯೆ. ಅಲ್ಲಿ ಮೊದಲು ರಾಗಿ ಬೆಳೆಯುತ್ತಿತ್ತಂತೆ. ಹೊಲದ ಯಜಮಾನರು ತೀರಿಕೊಂಡ ಮೇಲೆ ಮಗ ಅಲ್ಲೊಂದು ಗೋಡೌನು ಕಟ್ಟಿಸಿದರು, ಆಮೇಲೆ ಗೋಡೌನಿನ ಮೇಲೆ ಮಹಡಿ ಏರಿಸಿ ವಿಮಾನ ರಿಪೇರಿ ಕಲಿಸುವ ಕಾಲೇಜು ಮಾಡಿದರು. ಅವರೇ ನಮ್ಮ ಚೇರ್ಮನ್. ಕೆಟ್ಟ ಮನುಷ್ಯರಲ್ಲ. ಅವರೆಕಾಯಿ ಕಾಲದಲ್ಲಿ ಸ್ಟಾಫಿನವರೆಲ್ಲರ ಮನೆಗೂ ಒಂದೊಂದು ಚೀಲ ಕಳಿಸುವಂಥವರು. ಆದರೆ ಎಂಜಿನ್ ವಿಷಯದಲ್ಲಿ ಅವರಿಗೆ ಗೊತ್ತಿರುವುದು ಅಷ್ಟಕ್ಕಷ್ಟೇ.

ಕಾಲೇಜಿನ ಹೆಮ್ಮೆ ಎಂದರೆ ಹಿಂಭಾಗದ ಶೆಡ್ಡಿನಲ್ಲಿರುವ ಪುಟ್ಟ ವಿಮಾನ. ಮುಚ್ಚಿಹೋದ ಯಾವುದೋ ಫ್ಲೈಯಿಂಗ್ ಕ್ಲಬ್ಬಿನಿಂದ ರೆಕ್ಕೆ ಬಿಚ್ಚಿ, ಲಾರಿಯ ಮೇಲೆ ಹೇರಿ, ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ತಂದದ್ದು. ಇನ್ನು ಅದು ಹಾರುವುದಿಲ್ಲ, ಆದರೆ ಎಂಜಿನ್ ಗಟ್ಟಿಮುಟ್ಟಾಗಿದೆ. ಹುಡುಗರು ಅದನ್ನು ಓಡಿಸಿಯೇ ಕಲಿಯಬೇಕು. ಥ್ರಾಟಲ್ ಎಂದರೆ ಯಾವುದು, ಮಿಕ್ಸ್ಚರ್ ಹಿಡಿ ಹಿಂದೆಳೆದರೆ ಪೆಟ್ರೋಲು ಹೇಗೆ ನಿಲ್ಲುತ್ತದೆ, ಚಳಿಯಲ್ಲಿ ಪ್ರೈಮರ್ ಒತ್ತಿ ಸಿಲಿಂಡರಿಗೆ ನೇರವಾಗಿ ಪೆಟ್ರೋಲು ಚಿಮುಕಿಸುವುದು ಹೇಗೆ, ಇದೆಲ್ಲವನ್ನೂ ಹೆಸರು ಕೂಗುತ್ತ ಕೈಯಿಂದ ಮುಟ್ಟಿ ಹೇಳಿಕೊಡುತ್ತೇನೆ. ಹುಡುಗರು ಪದಗಳನ್ನು ಮಗ್ಗಿಯಂತೆ ಒಪ್ಪಿಸಿ ನಂಬರ್ ತೆಗೆದುಕೊಂಡು ಹೋಗುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಕೆಲಸದಲ್ಲಿ ಪದ ಗೊತ್ತಿದ್ದು ಅರ್ಥ ಗೊತ್ತಿಲ್ಲದವನು ಏನೂ ಗೊತ್ತಿಲ್ಲದವನಿಗಿಂತ ಅಪಾಯ.

ಅವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಮ್ಯಾಗ್ನೆಟೊ. ಬೈಕು, ಕಾರು ನೋಡಿ ಬೆಳೆದವರಿಗೆ ಕಿಡಿ ಎಂದರೆ ಬ್ಯಾಟರಿ. ಬ್ಯಾಟರಿಯ ವೈರು ಕತ್ತರಿಸಿದರೆ ಕಥೆ ಮುಗಿಯಿತು. ನಮ್ಮ ವಿಮಾನದ ಎಂಜಿನ್ನಿಗೆ ಕಿಡಿ ಹೊತ್ತಿಸಲು ಬ್ಯಾಟರಿ ಬೇಕಿಲ್ಲ. ಎಂಜಿನ್ನಿನ ಬೆನ್ನಿಗೆ ಎರಡು ಮ್ಯಾಗ್ನೆಟೊ ಕೂತಿರುತ್ತವೆ, ಎಡಕ್ಕೊಂದು ಬಲಕ್ಕೊಂದು. ಪ್ರೊಪೆಲರ್ ತಿರುಗಿದರೆ ಅವೂ ತಿರುಗಿ ತಮ್ಮ ಕರೆಂಟನ್ನು ತಾವೇ ಹುಟ್ಟಿಸುತ್ತವೆ. ಎಡಗಡೆಯದಕ್ಕೆ ಇಂಪಲ್ಸ್ ಕಪ್ಲಿಂಗ್ ಎಂಬ ಸ್ಪ್ರಿಂಗಿನ ಏರ್ಪಾಡು ಬೇರೆ ಇದೆ. ಕೈಯಲ್ಲಿ ನಿಧಾನವಾಗಿ ತಿರುಗಿಸಿದರೂ ಟಕ್ ಎಂದು ಜಿಗಿದು ಜೋರು ಕಿಡಿ ಕೊಡುತ್ತದೆ. ಹಾಗಾದರೆ ಸ್ವಿಚ್ಚಿನಿಂದ ಹೋಗುವ ವೈರಿನ ಕೆಲಸವೇನು? ಮ್ಯಾಗ್ನೆಟೊವನ್ನು ಸುಮ್ಮನಿರಿಸುವುದು. ಸ್ವಿಚ್ ಆಫ್ ಮಾಡಿದಾಗ ಆ ವೈರು ಮ್ಯಾಗ್ನೆಟೊವನ್ನು ಎಂಜಿನ್ನಿನ ಮೈಗೆ ಕಟ್ಟಿಹಾಕುತ್ತದೆ, ಹುಟ್ಟಿದ ಕರೆಂಟು ಅಲ್ಲೇ ಇಂಗಿಹೋಗುತ್ತದೆ. "ಅದು ಗೂಟಕ್ಕೆ ಕಟ್ಟಿದ ಹಗ್ಗ ಕಣ್ರೋ. ಹಗ್ಗ ಕುಯ್ದ್ರೆ ಎತ್ತು ನಿಲ್ಲುತ್ತೋ, ಓಡುತ್ತೋ?" ಎಂದು ಪ್ರತಿ ವರ್ಷ ಕೇಳುತ್ತೇನೆ. ಆ ವೈರು ತುಂಡಾದ ಮ್ಯಾಗ್ನೆಟೊವನ್ನು ಮೆಕ್ಯಾನಿಕ್ಕುಗಳು 'ಹಾಟ್' ಎನ್ನುತ್ತಾರೆ. ಕೀ ಜೇಬಿನಲ್ಲಿದ್ದರೂ ಎಂಜಿನ್ ತಟ್ಟನೆ ಹೊತ್ತಿಕೊಂಡು ಪ್ರೊಪೆಲರನ್ನು ಒದೆಯಬಲ್ಲದು. ಅದಕ್ಕೇ ಪ್ರೊಪೆಲರ್ ಮುಟ್ಟುವವನು "ಸ್ವಿಚ್ ಆಫ್?" ಎಂದು ಕೂಗಬೇಕು, ಒಳಗೆ ಕೂತವನು "ಸ್ವಿಚ್ ಆಫ್" ಎಂದು ತಿರುಗಿ ಕೂಗಬೇಕು, ಅಷ್ಟಾದ ಮೇಲೂ ಮುಟ್ಟುವವನು ನಂಬಬಾರದು.

ಇನ್ನು ಅಜ್ಜಿ. ಚೇರ್ಮನ್ನರ ತಾಯಿ ಅವರು. ಕಾಲೇಜಿನ ಹಿಂದಿನ ಗಲ್ಲಿಯಲ್ಲೇ ಮನೆ. ಸಂಜೆ ಹೊತ್ತು ಕಾಂಪೌಂಡಿನೊಳಗೆ ಬಂದು, ಒಂದು ಕಾಲದ ತಮ್ಮ ಹೊಲದಲ್ಲಿ ಓಡಾಡಿಕೊಂಡು ಹೋಗುವುದು ಅವರ ರೂಢಿ. ನನ್ನ ಕ್ಲಾಸಿನ ಕಿಟಕಿಯ ಬಳಿ ನಿಂತು "ಇನ್ನೂ ಆಗ್ಲಿಲ್ವೇನವ್ವ ಪಾಟ? ಮನೇಲಿ ಮಕ್ಳು ಕಾಯ್ತಿರ್ತವೆ, ಓಗು" ಎಂದು ಗದರಿಸುತ್ತಿದ್ದರು. ವಿಮಾನ ಎಂದರೆ ಅವರಿಗೆ ಪ್ರಾಣ. ಅದನ್ನು ಪಂಕ ಎಂದೇ ಕರೆಯುತ್ತಿದ್ದರು.

ಆಯುಧಪೂಜೆಯ ದಿನ ನಮ್ಮ ಪೀಣ್ಯದ ಫ್ಯಾಕ್ಟರಿಗಳ ಕಡೆ ಪೂಜೆಯಾದ ಯಂತ್ರವನ್ನು ಒಂದು ಸುತ್ತಾದರೂ ತಿರುಗಿಸಿಯೇ ಬಿಡಬೇಕು. ಲೇತ್ ಇದ್ದವರು ಲೇತ್ ತಿರುಗಿಸುತ್ತಾರೆ, ಗಿರಣಿ ಇದ್ದವರು ಗಿರಣಿ. ನಮ್ಮಲ್ಲಿ ವಿಮಾನ ಬಂದಾಗಿನಿಂದ ಪ್ರೊಪೆಲರ್ ತಿರುಗಿಸುವ ಹಕ್ಕು ಅಜ್ಜಿಯದು. ನನಗೆ ಇಷ್ಟವಿರಲಿಲ್ಲ. ಬೇಡವೆಂದು ಎಷ್ಟೋ ಸಲ ಹೇಳಿದೆ. ಕೇಳದಿದ್ದಾಗ, ಬೇಲಿ ಹಾಕಲಾಗದ ಕಡೆ ಕಾವಲು ಕಾಯುವವರಂತೆ ನಾನೇ ಪ್ರತಿ ವರ್ಷ ಮುಂಚಿತವಾಗಿ ಬಂದು, ಸ್ವಿಚ್ಚಿನ ವೈರು ಸರಿಯಾಗಿ ಕಟ್ಟಿಹಾಕುತ್ತಿದೆಯೇ ಎಂದು ಪರೀಕ್ಷಿಸಿ, ಪೆಟ್ರೋಲು ನಿಲ್ಲಿಸಿ, ಚಕ್ರಕ್ಕೆ ದಿಮ್ಮಿ ಕೊಟ್ಟು, ಅಜ್ಜಿ ಎಲ್ಲಿ ನಿಲ್ಲಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಡುತ್ತಿದ್ದೆ. ಅದರ ಸುತ್ತ ರಂಗೋಲಿ ಬಿಡುತ್ತಿದ್ದರು, ಅದು ಬೇರೆ ಮಾತು.

ಆ ವರ್ಷದ ಹಬ್ಬಕ್ಕೆ ಹೋದಾಗ ಕಾಲೇಜಿನ ಎಲೆಕ್ಟ್ರಿಷಿಯನ್ ಏಣಿಯ ಮೇಲೆ ನಿಂತು ಮಾವಿನ ತೋರಣ ಕಟ್ಟುತ್ತಿದ್ದ. ನನ್ನನ್ನು ಕಂಡದ್ದೇ ನಗುತ್ತ, "ಮೇಡಂ, ಈ ಸಲ ನೀವು ಟೆನ್ಷನ್ ತಗೊಳ್ಳೋದೇ ಬೇಡ. ಸ್ವಿಚ್ ಹಿಂದಿನ ವೈರೇ ಕಟ್ ಮಾಡ್ಬಿಟ್ಟಿದೀನಿ. ಸಕ್ಕತ್ತಾಗಿ ಟೇಪ್ ಸುತ್ತಿದೀನಿ" ಅಂದ.

ಓಡಿದೆ. ವಿಮಾನದೊಳಗೆ ತೂರಿ ಪ್ಯಾನೆಲ್ಲಿನ ಕೆಳಗೆ ಟಾರ್ಚ್ ಬಿಟ್ಟೆ. ಎಡ ಮ್ಯಾಗ್ನೆಟೊವಿನ ವೈರು ಸ್ವಿಚ್ಚಿನ ಬುಡದಲ್ಲೇ ತುಂಡಾಗಿತ್ತು. ತುದಿಗೆ ಅಚ್ಚುಕಟ್ಟಾಗಿ ಕೆಂಪು ಟೇಪು. ಬಲಗಡೆಯದು ಹಾಗೇ ಇತ್ತು. ಎಲ್ಲ ಬಿಟ್ಟು ಇಂಪಲ್ಸ್ ಕಪ್ಲಿಂಗ್ ಇರುವುದರ ಹಗ್ಗವನ್ನೇ ಹುಡುಕಿ ಕುಯ್ದಿದ್ದರು.

ಯಾರು ಹೇಳಿದರು ಎಂದು ಕೇಳಿದೆ. ಮ್ಯಾನೇಜರ್ ಹೇಳಿದರಂತೆ. ಹಿಂದಿನ ದಿನ ಪ್ರಾಕ್ಟಿಕಲ್ ಮುಗಿಸಿದ ಹುಡುಗರು ಕೀಯನ್ನು ಆನ್‌ನಲ್ಲೇ ಬಿಟ್ಟು ಹೋಗಿದ್ದರಂತೆ. ನೋಡಿದ ಮ್ಯಾನೇಜರ್ ಆಫ್ ಮಾಡಿ, ಕೀ ಕಿತ್ತು ಜೇಬಿಗಿಳಿಸಿ, ಸಾಲದೆಂದು ವೈರನ್ನೂ ಕತ್ತರಿಸಲು ಹೇಳಿದರಂತೆ. ನಮ್ಮಲ್ಲಿಗೆ ಬರುವ ಮೊದಲು ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಆಡಳಿತ ನೋಡುತ್ತಿದ್ದ ಮನುಷ್ಯ. ಇಲ್ಲಿಂದ ಮುಂದೆ ಅವನಿಗೆ ಬಹುವಚನ ಕೊಡುವ ಮನಸ್ಸು ನನಗಿಲ್ಲ.

"ಸಾರ್, ಆ ವೈರ್ ಕಟ್ ಮಾಡಿದ್ರೆ ಮ್ಯಾಗ್ನೆಟೊ ಲೈವ್ ಆಗತ್ತೆ. ಈಗ ಪ್ರೊಪೆಲರ್ ತಿರುಗಿಸಿದ್ರೆ ಒದೆಯತ್ತೆ" ಎಂದು ಅವನನ್ನೇ ಹುಡುಕಿ ಹೋಗಿ ಹೇಳಿದೆ.

ಅವನು ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದ. "ಮೇಡಂ, ಕಾಮನ್ ಸೆನ್ಸ್ ಯೂಸ್ ಮಾಡಿ. ಕನೆಕ್ಷನ್ನೇ ಇಲ್ಲ ಅಂದ್ಮೇಲೆ ಸ್ಪಾರ್ಕ್ ಎಲ್ಲಿಂದ ಬರತ್ತೆ? ಕೀ ನನ್ನ ಜೇಬಲ್ಲಿದೆ, ನೋಡಿ."

ಜೇಬಿನಿಂದ ತೆಗೆದು ತೋರಿಸಿಯೂಬಿಟ್ಟ. ಎಂಜಿನ್ ಪಾಠ ಮಾಡುವವಳಿಗೆ ಕೀ ತೋರಿಸಿದ! ನಾನು ಹಗ್ಗದ ಮಾತು ಹೇಳಿದೆ, ಚಿತ್ರ ಬರೆದು ತೋರಿಸುತ್ತೇನೆ ಅಂದೆ. ಅಷ್ಟರಲ್ಲಿ ಚೇರ್ಮನ್ ರೇಷ್ಮೆ ಪಂಚೆ ಉಟ್ಟು ಬಂದರು. ಅವನು ಅವರ ಕಡೆ ತಿರುಗಿ, "ಸೇಫ್ಟಿಗೆ ಅಂತ ಮಾಡ್ಸಿದೀನಿ ಸಾರ್. ಮೇಡಂ ಒಪ್ತಾ ಇಲ್ಲ" ಅಂದ. ಚೇರ್ಮನ್ ನನ್ನನ್ನು ನೋಡಿ, "ಅಬ್ಬದ್ ದಿನ ಒದೆಯುತ್ತೆ, ಒಡೆಯುತ್ತೆ ಅನ್ಬೇಡಿ ಮೇಡಂ. ಅವ್ವ ಆಗ್ಲೇ ಸ್ನಾನ ಮಾಡ್ಕೊಂಡು ಕೂತವ್ಳೆ" ಅಂದರು.

ಅಜ್ಜಿಯ ಬಳಿಗೇ ಹೋದೆ. ಜರಿ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಈ ವರ್ಷ ಬೇಡ ಅಜ್ಜಿ, ಅದರ ಹಗ್ಗ ಕುಯ್ದಿದ್ದಾರೆ, ಕೈಗೆ ಬೀಳುತ್ತದೆ ಎಂದು ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅಂಗಂತೀಯಾ?" ಎಂದರು. ನನ್ನ ಎದೆ ಹಗುರವಾಯಿತು ಅನ್ನುವಷ್ಟರಲ್ಲಿ, "ಆದ್ರೂ ಪೂಜೆ ಆದ್ಮೇಲೆ ತಿರುಗಿಸ್ದೆ ಎಂಗವ್ವ ಬಿಡೋದು? ನೀನೇ ಏನಾರ ಮಾಡು" ಎಂದು ನನ್ನ ಕೈ ಹಿಡಿದುಕೊಂಡರು. ಒಣಗಿದ, ಹಗುರವಾದ ಕೈ. ಅದನ್ನು ಕಾಪಾಡುವುದಷ್ಟೇ ಆವತ್ತು ನನ್ನ ಪಾಲಿಗೆ ಉಳಿದಿದ್ದ ಕೆಲಸ.

ಏನು ಮಾಡಬಹುದು? ವೈರು ಮತ್ತೆ ಸೇರಿಸಲು ಬೆಸುಗೆ ಹಾಕಬೇಕು. ಕೈಯಲ್ಲಿ ಹೆಣೆದ ವೈರನ್ನು ನಂಬಿ ಅಜ್ಜಿಯನ್ನು ಪ್ರೊಪೆಲರಿನ ಮುಂದೆ ನಿಲ್ಲಿಸಲು ನಾನು ತಯಾರಿರಲಿಲ್ಲ. ಉಳಿದದ್ದು ಒಂದೇ ದಾರಿ. ನಾಲ್ಕು ಸಿಲಿಂಡರಿಗೆ ಎರಡರಂತೆ ಎಂಟು ಸ್ಪಾರ್ಕ್ ಪ್ಲಗ್. ಎಂಟಕ್ಕೂ ಹೋಗುವ ಕೇಬಲ್ಲುಗಳನ್ನು ಬಿಚ್ಚಿಬಿಟ್ಟರೆ ಮ್ಯಾಗ್ನೆಟೊ ಎಷ್ಟು ಹಾರಾಡಿದರೂ ಕಿಡಿ ಒಳಗೆ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್.

ಸ್ಪ್ಯಾನರುಗಳೆಲ್ಲ ಪೂಜೆಯ ಮೇಜಿನ ಮೇಲಿದ್ದವು. ಬಿಳಿ ಬಟ್ಟೆ ಹಾಸಿ, ಸೈಜಿನ ಪ್ರಕಾರ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟು ಹೂವು ಏರಿಸಿದ್ದರು. ಯಂತ್ರಕ್ಕೆ ಆ ಒಂದು ಸುತ್ತು ಬಿಟ್ಟರೆ, ಪೂಜೆಗೆ ಕೂತ ಆಯುಧವನ್ನು ವಿಜಯದಶಮಿಯ ಬೆಳಿಗ್ಗೆ ಎತ್ತುವವರೆಗೆ ಯಾರೂ ಮುಟ್ಟುವುದಿಲ್ಲ. ನಮ್ಮ ದಾವಣಗೆರೆ ಮನೆಯಲ್ಲಿ ಆವತ್ತು ತರಕಾರಿ ಹೆಚ್ಚುವ ಈಳಿಗೆ ಮಣೆಯನ್ನೂ ಮುಟ್ಟುತ್ತಿರಲಿಲ್ಲ, ಹಿಂದಿನ ರಾತ್ರಿಯೇ ಎಲ್ಲ ಹೆಚ್ಚಿಡುತ್ತಿದ್ದರು. ಇದೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕಪಕ್ಕದ ಫ್ಯಾಕ್ಟರಿಗಳಲ್ಲಿ ಕೇಳೋಣವೆಂದರೆ ಅಲ್ಲೂ ಇದೇ ಕಥೆ. ಆ ದಿನ ಇಡೀ ಪೀಣ್ಯದಲ್ಲಿ ಮುಟ್ಟಬಹುದಾದ ಒಂದು ಸ್ಪ್ಯಾನರ್ ಇರಲಿಲ್ಲ.

ಮೇಜಿನ ಹತ್ತಿರ ಹೋಗಿ, ಹೂವು ಪಕ್ಕಕ್ಕಿಟ್ಟು, ಬೇಕಾದ ಸ್ಪ್ಯಾನರ್ ಎತ್ತಿಕೊಂಡೆ.

ಆಗ ಎದ್ದ ಗದ್ದಲ ಈಗಲೂ ಕಿವಿಯಲ್ಲಿದೆ. ಪುರೋಹಿತರು ಮಂತ್ರ ನಿಲ್ಲಿಸಿ "ಅಮ್ಮಾ, ಅಮ್ಮಾ" ಎಂದರು. ಆಫೀಸಿನ ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಮ್ಯಾನೇಜರ್ "ಮೇಡಂ, ಸೆಂಟಿಮೆಂಟ್ಸ್‌ಗೆ ಬೆಲೆ ಕೊಡಿ" ಎಂದು ಕೂಗಿದ. ಚೇರ್ಮನ್ನರ ಮುಖ ಕಪ್ಪಿಟ್ಟಿತು. ಕುಂಕುಮ ಮೆತ್ತಿದ ಸ್ಪ್ಯಾನರ್ ಜಾರುತ್ತಿತ್ತು, ಸೆರಗಿನಿಂದ ಒರೆಸಿಕೊಂಡೆ. ಎಂಜಿನ್ನಿನ ಮುಚ್ಚಳ ತೆಗೆದು, ಮೇಲಿನ ನಾಲ್ಕು, ಹೊಟ್ಟೆಯ ಕೆಳಗಿನ ನಾಲ್ಕು ಕೇಬಲ್ ಬಿಚ್ಚಿ, ಪ್ಲಗ್ಗಿನಿಂದ ದೂರ ಸರಿಸಿ ಕಟ್ಟಿದೆ. ಅಷ್ಟೂ ಹೊತ್ತು ಎಲ್ಲರೂ ನನ್ನ ಬೆನ್ನನ್ನು ನೋಡುತ್ತ ನಿಂತಿದ್ದರು. ಯಾರೊಬ್ಬರೂ ಒಂದು ಕೈ ಹಾಕಲಿಲ್ಲ.

ಅಜ್ಜಿ ಬಂದು ಪ್ರೊಪೆಲರಿಗೆ ಕೈ ಮುಗಿದು ಒಂದು ಸುತ್ತು ತಿರುಗಿಸಿದರು. ಏನೂ ಆಗಲಿಲ್ಲ. ಎಡಗಡೆಯ ಮ್ಯಾಗ್ನೆಟೊ ಟಕ್ ಎಂದದ್ದು ನನಗೊಬ್ಬಳಿಗೆ ಕೇಳಿಸಿತು. ಬೂದುಗುಂಬಳ ಒಡೆದರು, ಎಲ್ಲರೂ ಚಪ್ಪಾಳೆ ತಟ್ಟಿದರು.

"ನೋಡಿದ್ರಾ ಮೇಡಂ?" ಮ್ಯಾನೇಜರ್ ನನ್ನ ಪಕ್ಕ ಬಂದು ಹೇಳಿದ. "ಏನಾಯ್ತು? ಏನೂ ಆಗ್ಲಿಲ್ಲ. ಸುಮ್ನೆ ಪೂಜೆ ಕೆಡಿಸಿದ್ರಿ."

ನಮ್ಮ ಕೆಲಸದ ಹಣೆಬರಹವೇ ಇದು. ನಾವು ಸರಿಯಾಗಿ ಮಾಡಿದ ದಿನ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ನಾವು ಮಾಡಿದ್ದೂ ಏನೂ ಇಲ್ಲ. ನಾನು ಸಿಟ್ಟು ನುಂಗಿಕೊಂಡು ಅವನಿಗೂ ಎಲೆಕ್ಟ್ರಿಷಿಯನ್ನನಿಗೂ ಎದುರೆದುರು ನಿಂತು ಹೇಳಿದೆ. ರಜೆ ಮುಗಿದು ಬಂದು ನಾನೇ ವೈರು ಬೆಸೆಯುತ್ತೇನೆ, ಅಲ್ಲಿಯವರೆಗೆ ಈ ಕೇಬಲ್ಲುಗಳನ್ನು ಯಾರೂ ಮುಟ್ಟಕೂಡದು. ಇಬ್ಬರೂ ತಲೆಯಾಡಿಸಿದರು.

ಮರುದಿನ ವಿಜಯದಶಮಿ. ನಾನು ಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಎಲೆಕ್ಟ್ರಿಷಿಯನ್ ಫೋನ್ ಮಾಡಿದ. ಮಾತು ತೊದಲುತ್ತಿತ್ತು. "ಮೇಡಂ, ಅಜ್ಜಿ ಕೈಗೆ ಫ್ಯಾನ್ ಹೊಡೀತು" ಅಂದ.

ಆದದ್ದು ಇಷ್ಟು. ಚೇರ್ಮನ್ ಮನೆಗೆ ಬಂದಿದ್ದ ನೆಂಟರಿಗೆ ವಿಮಾನ ತೋರಿಸಬೇಕಾಗಿತ್ತು. ಮುಚ್ಚಳ ತೆಗೆದು ಕೇಬಲ್ಲುಗಳು ನೇತಾಡುತ್ತಿದ್ದರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಮ್ಯಾನೇಜರ್ ಎಲ್ಲವನ್ನೂ ಮೊದಲಿನಂತೆ ಹಾಕಿಸಿದ. ಆವತ್ತು ಬೆಳಿಗ್ಗೆ ತಾನೇ ಮೇಜಿನಿಂದ ಎತ್ತಿದ ಸ್ಪ್ಯಾನರಿನಿಂದ, ಒಳ್ಳೆಯ ಮುಹೂರ್ತದಲ್ಲಿ. ನೆಂಟರ ಮಕ್ಕಳನ್ನು ಒಳಗೆ ಕೂರಿಸಿದರು. ಅವು ಕೈಗೆ ಸಿಕ್ಕ ಹಿಡಿಗಳನ್ನೆಲ್ಲ ಎಳೆದವು, ಪ್ರೈಮರನ್ನೂ ಒತ್ತಿದವು. ಸಿಲಿಂಡರಿಗೆ ಪೆಟ್ರೋಲು ಹೋಯಿತು. ಅಜ್ಜಿ ತಮ್ಮ ಅಕ್ಕನಿಗೆ "ಇಂಗೆ ತಿರುಗಿಸ್ದೆ ನೋಡು" ಎಂದು ಪ್ರೊಪೆಲರ್ ಹಿಡಿದು ತಳ್ಳಿದರು. ಎಂಜಿನ್ ಒಂದೇ ಒಂದು ಸಲ ಒದೆಯಿತು. ಮುಂಗೈಯ ಎರಡು ಮೂಳೆಗಳೂ ಮುರಿದವು. ಇನ್ನಷ್ಟು ಮುಂದೆ ಬಾಗಿದ್ದರೆ ತಲೆಗೇ ಬೀಳುತ್ತಿತ್ತು. ಕೀ ಆಗಲೂ ಮ್ಯಾನೇಜರನ ಜೇಬಿನಲ್ಲೇ ಇತ್ತು.

ಹೂರಣವನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದೆ. ವಾರ್ಡಿನ ಹೊರಗೆ ಬೆಂಚಿನ ತುಂಬ ನೆಂಟರು. ನನ್ನನ್ನು ಕಂಡದ್ದೇ ಯಾರೋ ಒಬ್ಬಾಕೆ ನನಗೆ ಕೇಳಿಸುವ ಹಾಗೇ ಹೇಳಿದಳು: "ಇವ್ರೇ ಅಂತೆ. ಪೂಜೆಗಿಟ್ಟಿದ್ ಆಯುಧ ಎತ್ಕಂಡಿದ್ದು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಕೂಗಿಬಿಡಬೇಕು ಅನ್ನಿಸಿತು. ವೈರು ಕುಯ್ಯಿಸಿದವನು ಅಲ್ಲೇ, ಡಾಕ್ಟರ ಜೊತೆ ಗಂಭೀರವಾಗಿ ಮಾತಾಡುತ್ತ ನಿಂತಿದ್ದಾನೆ. ಕೇಬಲ್ ಮತ್ತೆ ಹಾಕಿಸಿದವನೂ ಅವನೇ. ಇವರಿಗೆ ಕಂಡದ್ದು ನಾನು ಎತ್ತಿದ ಸ್ಪ್ಯಾನರ್! ಚೇರ್ಮನ್ನರಿಗೆ ಎಲ್ಲವನ್ನೂ ಬಿಡಿಸಿ ಹೇಳಲು ಹೋದೆ. "ವೈರು ಗೀರು ಆಮೇಲೆ ನೋಡಣ. ಮೊದ್ಲು ಶಾಂತಿ ಮಾಡಿಸ್ಬೇಕು ಅಂದವ್ರೆ ಅಯ್ನೋರು. ಅಲ್ಲೀಗಂಟ ಶೆಡ್ಡಿಗೆ ಬೀಗ" ಎಂದರು. ಬೀಗದ ಕೀ ಕೊಡಿ, ಹೋಗಿ ವೈರು ಬೆಸೆದು ಬರುತ್ತೇನೆ ಎಂದು ಕೈ ಮುಗಿದೆ. "ನೀವು ಮಾತ್ರ ಅದ್ರತ್ರ ಓಗ್ಬೇಡಿ ಮೇಡಂ" ಎಂದರು.

ಮನೆಗೆ ಬಂದರೆ ಅಲ್ಲೂ ಅದೇ. ಸುದ್ದಿ ದಾವಣಗೆರೆ ಮುಟ್ಟಿತ್ತು. "ಪೂಜಿಗಿಟ್ಟಿದ್ದನ್ನ ನೀ ಯಾಕ್ ಮುಟ್ಟಾಕ್ ಹೋದಿ? ನಮ್ಮನ್ಯಾಗ ಇದನ್ನ ಕಲಿಸಿದ್ವೇನು?" ಎಂದು ನನ್ನ ತಾಯಿ ಫೋನಿನಲ್ಲಿ ಅತ್ತರು. ಎಂಜಿನಿಯರಿಂಗ್ ಓದಿಸಿದ ತಾಯಿ. ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ.

ಅಜ್ಜಿಯೊಬ್ಬರೇ ನನ್ನನ್ನು ದೂರಲಿಲ್ಲ. ಆದರೆ ಅವರು ಹೇಳಿದ್ದರಿಂದ ನನಗೆ ಅದಕ್ಕಿಂತ ಹೆಚ್ಚು ನೋವಾಯಿತು. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಅವರು ಪಕ್ಕಕ್ಕೆ ಕರೆದು, "ನನ್ ಕೈ ಓದ್ರೆ ಓಗ್ಲಿ ಕಣವ್ವ, ವಯಸ್ಸಾಯ್ತು. ನಿನ್ ಕೆಲ್ಸ ಓಗ್ಬಾರ್ದು. ಶಾಂತಿ ದಿನ ಬಂದು ಎಲ್ರ ಮುಂದೆ ತಪ್ಪಾಯ್ತು ಅಂದ್ಬುಡು" ಅಂದರು. ಅವರ ಕಣ್ಣಲ್ಲಿ ನನ್ನ ಬಗ್ಗೆ ಅಷ್ಟು ಮರುಕ. ಮುರಿದ ಕೈ ಅವರದು, ಮರುಕ ನನಗೆ! ಆಗಲಿ ಎಂದು ಬಂದೆ.

ಶಾಂತಿಯ ದಿನ ವಿಮಾನವನ್ನು ಮತ್ತೆ ಅಂಗಳಕ್ಕೆ ತಂದಿದ್ದರು. ಪಕ್ಕದಲ್ಲಿ ಹೋಮಕುಂಡ, ಹೊಗೆ. ಎಂಜಿನ್ನಿನ ಹತ್ತಿರ ಬೆಂಕಿ ಇಡಬಾರದು ಎಂದು ಹೇಳಿ ಅದನ್ನೊಂದಿಷ್ಟು ದೂರ ಸರಿಸುವುದಕ್ಕೇ ನನಗೆ ಸಾಕಾಯಿತು. ನನ್ನ ಹುಡುಗರೂ ಸಾಲಾಗಿ ನಿಂತಿದ್ದರು. ಪುರೋಹಿತರು ಕ್ರಮ ತಿಳಿಸಿದರು. ಪೂಜೆಯಿಂದ ಎತ್ತಿದ ಆಯುಧವನ್ನು ನಾನು ಮತ್ತೆ ಕೈಯಲ್ಲಿ ಹಿಡಿದು, ಅದನ್ನು ಯಂತ್ರಕ್ಕೆ ಮುಟ್ಟಿಸಿ, ತಪ್ಪಾಯಿತು ಎಂದು ಕೇಳಿಕೊಳ್ಳಬೇಕು. ಆಮೇಲೆ ಪೆಟ್ಟು ತಿಂದವರೇ ಯಂತ್ರವನ್ನು ಒಂದು ಸುತ್ತು ತಿರುಗಿಸಿದರೆ ದೋಷ ಕಳೆಯುತ್ತದೆ.

ಪೆಟ್ಟು ತಿಂದವರೇ! ನಾನು ತಿರುಗಿ ನೋಡಿದೆ. ಅಜ್ಜಿ ಎದ್ದು ನಿಂತಿದ್ದರು. ಪ್ಲಾಸ್ಟರಿನ ಬಲಗೈ ಕೊರಳಿಗೆ ನೇತುಹಾಕಿದ ಬಟ್ಟೆಯಲ್ಲಿತ್ತು, ಎಡಗೈಯಿಂದ ಸೆರಗನ್ನು ಆಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ನಾನು ಮ್ಯಾನೇಜರನ ಬಳಿ ಹೋಗಿ ಹಲ್ಲು ಕಚ್ಚಿ ಕೇಳಿದೆ, ವೈರು ಸರಿಮಾಡಿಸಿದ್ದೀರಾ ಎಂದು.

"ಮಾಡ್ಸಿದೀನಿ ಮೇಡಂ," ಅವನು ದನಿ ತಗ್ಗಿಸಿ ಹೇಳಿದ. "ನೀವು ಹೇಳಿದ್ದು ಒಂದ್ ರೀತೀಲಿ ಕರೆಕ್ಟು. ಬಲಗಡೆ ಒಂದು ವೈರ್ ಹಾಗೇ ಉಳಿದುಬಿಟ್ಟಿತ್ತು. ಅದಕ್ಕೇ ಹೊಡೆದಿರೋದು. ಈಗ ಅದನ್ನೂ ಕಟ್ ಮಾಡ್ಸಿದೀನಿ."

ಆ ಕ್ಷಣ ನನ್ನ ಕೈ ಅವನ ಕೆನ್ನೆಗೆ ಹೋಗದೇ ಇದ್ದದ್ದು ನಾನು ತಂದೆತಾಯಿಗೆ ಕೊಟ್ಟ ಮರ್ಯಾದೆ. ಕೂಗಾಡಿದ್ದರೆ ಏನಾಗುತ್ತಿತ್ತು ಎಂದು ಗೊತ್ತಿತ್ತು. ನನ್ನನ್ನು ಹೊರಗೆ ಕಳಿಸುತ್ತಿದ್ದರು, ಅಜ್ಜಿ ಎಡಗೈಯಿಂದ ಪ್ರೊಪೆಲರ್ ತಿರುಗಿಸುತ್ತಿದ್ದರು.

ಪುರೋಹಿತರ ಕಡೆ ತಿರುಗಿ, "ತಪ್ಪಾಯ್ತು ಅಂತೀನಿ. ಯಂತ್ರಕ್ಕೆ ಎಲ್ಲೆಲ್ಲಿ ನೋವಾಗಿದೆಯೋ ಅಲ್ಲೆಲ್ಲ ಮುಟ್ಟಿ ಹೇಳ್ತೀನಿ. ನಡುವೆ ಯಾರೂ ತಡೀಬಾರ್ದು" ಅಂದೆ. ಅವರು ಸಂತೋಷದಿಂದ ಒಪ್ಪಿದರು. ಸ್ಪ್ಯಾನರ್ ಕೊಟ್ಟರು. ಪ್ಲಗ್ ತೆಗೆಯುವ ಸಾಕೆಟ್ಟನ್ನೂ ಕೇಳಿ ಪಡೆದೆ. ಈ ಸಲ ಕೇಬಲ್ ಬಿಚ್ಚುವುದಕ್ಕಷ್ಟೇ ನಿಲ್ಲುವ ಹಾಗಿರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಹಾಕುವವರು ಅಲ್ಲೇ ನಿಂತಿದ್ದರು.

ಮುಚ್ಚಳ ತೆಗೆದು ಮೊದಲನೇ ಕೇಬಲ್ ಬಿಚ್ಚಿದೆ. ಪ್ಲಗ್ಗಿಗೆ ಸಾಕೆಟ್ ಕೂರಿಸಿ, ಬಲವಾಗಿ ಎಳೆದು, "ತಪ್ಪಾಯ್ತು" ಎಂದು ಜೋರಾಗಿ ಹೇಳಿ ಅದನ್ನು ಕಿತ್ತೆ. ಹಿಂದೆ ಮಂತ್ರ ಏರಿತು. ಎರಡನೆಯದಕ್ಕೂ ತಪ್ಪಾಯ್ತು. ಪ್ರತಿಯೊಂದು ಪ್ಲಗ್ಗಿಗೂ ಒಂದೊಂದು ತಪ್ಪಾಯ್ತು. ಹೊಟ್ಟೆಯ ಕೆಳಗಿನವನ್ನು ತೆಗೆಯಲು ನೆಲದ ಮೇಲೆ ಅಂಗಾತ ಮಲಗಬೇಕಾಯಿತು. ರೇಷ್ಮೆ ಸೀರೆಗೆ ಆಯಿಲ್ ಹತ್ತಿತು. ಅಷ್ಟೊಂದು ಭಕ್ತಿ ಕಂಡು ಹೆಂಗಸೊಬ್ಬರು ಕಣ್ಣೊರೆಸಿಕೊಂಡರಂತೆ, ಆಮೇಲೆ ತಿಳಿಯಿತು. ನನಗೆ ಅಳು ಬರಲಿಲ್ಲ. ಒಂದೊಂದು ತಪ್ಪಾಯ್ತು ಎನ್ನುವಾಗಲೂ ಮೈಯೆಲ್ಲ ಕುದಿಯುತ್ತಿತ್ತು. ಪೂಜೆಯ ದಿನ ನಾನು ಎತ್ತಿದ ಸ್ಪ್ಯಾನರ್ ಆವತ್ತಿನ ಮಟ್ಟಿಗೆ ಒಂದು ಕೈ ಉಳಿಸಿತ್ತು. ಅದಕ್ಕೆ ಈಗ ಕ್ಷಮೆ ಕೇಳುತ್ತ ಇನ್ನೊಂದು ಕೈ ಉಳಿಸುತ್ತಿದ್ದೆ.

ಎಂಟೂ ಹೊರಗೆ ಬಂದ ಮೇಲೆ ಎದ್ದು ನಿಂತು, "ಈಗ ಬನ್ನಿ ಅಜ್ಜಿ" ಅಂದೆ.

ಪ್ಲಗ್ ಇಲ್ಲದ ಎಂಜಿನ್ನಿನಲ್ಲಿ ಗಾಳಿಯನ್ನು ಅದುಮುವ ಬಿಗಿಯೇ ಇರುವುದಿಲ್ಲ. ಎಂಟು ತೂತುಗಳಿಂದಲೂ ಗಾಳಿ ಹೊರಗೆ ಹೋಗಿಬಿಡುತ್ತದೆ. ಅಜ್ಜಿ ಎಡಗೈಯಿಂದ ಮೆತ್ತಗೆ ತಳ್ಳಿದ್ದಷ್ಟೇ, ಪ್ರೊಪೆಲರ್ ಬೆಣ್ಣೆಯಲ್ಲಿ ಜಾರಿದಂತೆ ತಿರುಗಿತು. ಬಲಗೈಯಲ್ಲಿ ಎಂದೂ ಅಷ್ಟು ಸಲೀಸಾಗಿ ತಿರುಗಿರಲಿಲ್ಲ. ಅಜ್ಜಿ ಬೆರಗಾಗಿ ನಕ್ಕುಬಿಟ್ಟರು.

"ನೋಡಿದ್ರಾ!" ಪುರೋಹಿತರು ಎರಡೂ ಕೈ ಮೇಲೆತ್ತಿದರು. "ಶಾಂತಿ ಆದ್ಮೇಲೆ ಎಷ್ಟು ಹಗುರ ಆಯ್ತು!"

ಚೇರ್ಮನ್ ಕಣ್ಣು ಮುಚ್ಚಿ ಕೈ ಮುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ನನ್ನ ಕಣ್ಣು ಹೋದದ್ದು ಹುಡುಗರ ಕಡೆಗೆ. ಅವರಲ್ಲಿ ಅರ್ಧಕ್ಕರ್ಧ ಜನ ಚಪ್ಪಾಳೆ ತಟ್ಟುತ್ತಿದ್ದರು. ಪರೀಕ್ಷೆಯಲ್ಲಿ ಹಾಟ್ ಮ್ಯಾಗ್ನೆಟೊ ಎಂದರೇನು ಎಂದು ಕೇಳಿದರೆ ಚಾಚೂ ತಪ್ಪದೆ ಬರೆಯುವ ಹುಡುಗರು.

ಯಾರೋ ನನ್ನ ಕೈಗೆ ಪ್ರಸಾದ ಕೊಡಲು ಬಂದರು. ಕೈ ಖಾಲಿ ಇರಲಿಲ್ಲ. ಎಂಟೂ ಪ್ಲಗ್ಗುಗಳನ್ನು ನನ್ನ ಊಟದ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಹೊರಟೆ. ವೈರು ಬೆಸೆಯಲು ಬಿಡಿ, ಆಮೇಲೆ ಕೊಡುತ್ತೇನೆ ಎಂದು ಹೇಳಿದ್ದೇನೆ. ಇನ್ನೂ ಬಿಟ್ಟಿಲ್ಲ. ನಾನೂ ಕೊಟ್ಟಿಲ್ಲ.